ಭಂಕೂರಿನ ಕೊನೆಯ ಮನೆಗೆ ನಾನೂರ ಮೂವತ್ತು ಮೀಟರ್

ಮೂರು ಸಲ ಫೋನ್ ಮಾಡಬೇಕು, ಎತ್ತದಿದ್ದರೆ ಅರ್ಜಿ ಮುಚ್ಚಬಹುದು. ನಮ್ಮ ಕೆಲಸದಲ್ಲಿ ಹೀಗೊಂದು ನಿಯಮ ಇದೆ. ಮೊಬೈಲಿನಲ್ಲಿ ಆ ಅರ್ಜಿಯ ಎದುರಿಗಿರುವ ‘ಗ್ರಾಹಕರು ಸ್ಪಂದಿಸುತ್ತಿಲ್ಲ’ ಎಂಬ ಗುಂಡಿ ಒತ್ತಿದರೆ ಆಯಿತು, ಆ ಮನೆ ನನ್ನ ಪಟ್ಟಿಯಿಂದ ಮಾಯ. ವಾಡಿ, ಶಹಾಬಾದ್, ಚಿತ್ತಾಪುರದ ಸುತ್ತ ಮನೆಮನೆಗೆ ಇಂಟರ್‌ನೆಟ್ ಕೇಬಲ್ ಎಳೆದು ಜೋಡಿಸುವ ಗುತ್ತಿಗೆ ಕೆಲಸಗಾರ ನಾನು. ಮೊದಲು ಜೊತೆಗೊಬ್ಬ ಇರುತ್ತಿದ್ದ. ಅವನನ್ನು ಸೇಡಂ ಕಡೆಗೆ ಹಾಕಿದ ಮೇಲೆ ಏಣಿ ಹಿಡಿಯುವವನೂ ನಾನೇ, ಏರುವವನೂ ನಾನೇ. ದಿನಕ್ಕೆ ಎಂಟು ಹತ್ತು ಅರ್ಜಿ ಬೀಳುವಾಗ ಆ ಗುಂಡಿಯ ಮೇಲೆ ಪ್ರೀತಿ ಹುಟ್ಟದೆ ಇರುವುದಿಲ್ಲ.

ಭಂಕೂರಿನ ಹೊಸ ಬಡಾವಣೆಯ ಒಂದು ಅರ್ಜಿಯನ್ನು ನಾನು ಎರಡು ಸಲ ಹೀಗೆ ಮುಚ್ಚಿದೆ. ಹೆಣ್ಣುಮಗಳೊಬ್ಬಳ ಹೆಸರಿನಲ್ಲಿತ್ತು. ಹೊಸ ಮನೆ, ಫೋನು, ಇಂಟರ್‌ನೆಟ್ ಎರಡೂ ಬೇಕು. ನಾನು ಮಾಡಿದಾಗಲೆಲ್ಲ ಒಂದೋ ಗಂಟೆ ಹೊಡೆದು ಹೊಡೆದು ನಿಲ್ಲುತ್ತಿತ್ತು, ಇಲ್ಲವೇ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಉತ್ತರ ಬರುತ್ತಿತ್ತು. ಕನೆಕ್ಷನ್ ಬೇಕಂತೆ, ಫೋನ್ ಎತ್ತುವುದಿಲ್ಲವಂತೆ ಎಂದು ಬೈದುಕೊಂಡು ಗುಂಡಿ ಒತ್ತಿದೆ. ಮೂರನೆಯ ಸಲ ಅದೇ ಅರ್ಜಿ ಬಂದಾಗ ಮೇಲ್ವಿಚಾರಕರೇ ಫೋನ್ ಮಾಡಿದರು.

“ಏ, ಕೆಳಗಿನ ತನಕ ಓದೀ ಏನು? ಬಟನ್ ಒತ್ತೋದು ಭಾಳ ಜಲ್ದಿ ಬರ್ತದ ನಿನಗ, ಓದೋದು ಬರಂಗಿಲ್ಲ?”

ಪರದೆಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದೆ. ಎಲ್ಲಕ್ಕಿಂತ ಕೆಳಗೆ, ಸೂಚನೆ ಎಂಬ ಜಾಗದಲ್ಲಿ ಬರೆದಿತ್ತು: ‘ಅಕಿಗಿ ಕಿವಿ ಕೇಳಂಗಿಲ್ಲ. ಫೋನ್ ಮಾಡಬ್ಯಾಡ್ರಿ. ಮನಿಗೇ ಬರ್ರಿ.’ ಹಳೆಯ ಎರಡು ಅರ್ಜಿಗಳನ್ನೂ ತೆರೆದು ನೋಡಿದೆ. ಅವುಗಳಲ್ಲೂ ಇದೇ ಮಾತು ಇತ್ತು. ಕಿವಿ ಕೇಳದವಳಿಗೆ ಆರು ಸಲ ಫೋನ್ ಮಾಡಿ, ಎತ್ತಲಿಲ್ಲವೆಂದು ಆರು ಸಲ ಬೈದಿದ್ದೆ. ನಾಚಿಕೆಯಾಯಿತು. ಅವತ್ತು ಉಳಿದ ಅರ್ಜಿಗಳನ್ನೆಲ್ಲ ಬಿಟ್ಟು ಮೊದಲು ಅಲ್ಲಿಗೇ ಹೋದೆ.

ಮುಖ್ಯರಸ್ತೆಯ ಚಹಾದಂಗಡಿಯ ಪಕ್ಕದಿಂದ ಗಣಿಯ ದಾರಿ ಒಳಕ್ಕೆ ಇಳಿಯುತ್ತದೆ. ಕಲ್ಲು ತೆಗೆದು ಕೈಬಿಟ್ಟ ಹಳೆಯ ಗಣಿಯ ಅಂಚಿಗೆ ಒಂದೇ ಸಾಲಿನಲ್ಲಿ ಎಂಟು ಹೊಸ ಮನೆ, ನಡುವೆ ಮೂರು ಖಾಲಿ ಸೈಟು. ಎಲ್ಲ ಬಾಗಿಲುಗಳೂ ಪೂರ್ವಕ್ಕೆ, ದಾರಿಯ ಕಡೆಗೆ. ಸುತ್ತ ಒಡೆದ ಕಲ್ಲಿನ ದಿಬ್ಬಗಳು ಮಾಳಿಗೆಗಿಂತ ಎತ್ತರವಾಗಿ ನಿಂತಿದ್ದರಿಂದ ಮೊಬೈಲ್ ಸಿಗ್ನಲ್ ಆ ತಗ್ಗಿಗೆ ಇಳಿಯುತ್ತಿರಲಿಲ್ಲ. ನಾನು ಹುಡುಕುತ್ತಿದ್ದ ಮನೆ ಸಾಲಿನ ಕೊನೆಯದು. ಏಣಿಯನ್ನು ಅಂಗಳಕ್ಕೆ ಹಾಸಿದ ಪರ್ಸಿ ಚಪ್ಪಡಿಯ ಮೇಲೆ ಇಳಿಸಿದೆ. ಬಾಗಿಲು ಬಡಿಯುವ ಮೊದಲೇ ಮೂವತ್ತು ವರ್ಷದ ಆಸುಪಾಸಿನ ಹೆಣ್ಣುಮಗಳು ಹೊರಗೆ ಬಂದಳು. ಏಣಿ ಇಟ್ಟ ಪೆಟ್ಟು ನೆಲಗಲ್ಲಿನಲ್ಲಿ ಹಾದು ಅವಳ ಕಾಲಿಗೆ ತಿಳಿದಿತ್ತು ಎಂದು ಆಮೇಲೆ ಗೊತ್ತಾಯಿತು. ಕೊರಳಲ್ಲಿ ಅಳತೆ ಪಟ್ಟಿ, ಕೈಯಲ್ಲಿ ಅರ್ಧ ಹೊಲಿದ ಕುಪ್ಪಸ. ಅವಳ ಹಿಂದೆಯೇ ಅವಳ ಅತ್ತೆ ಬಂದರು.

“ಯಾರಪಾ? ಕನೆಕ್ಷನ್ ಅಂವಾ ಏನು?”

“ಹೌದ್ರಿ ಯವ್ವಾ.”

“ಎರಡ್ ತಿಂಗಳಾತು ನಿನ್ನ ದಾರಿ ನೋಡ್ಲಿಕತ್ತು. ಇನ್ನಾ ಹುಟ್ಟಿ ಬರಬೇಕಾಗ್ಯಾದೋ ಏನೋ ಅಂದಿದ್ದೆ. ಬಾ, ಕುಂದ್ರು.”

ಕುಳಿತು ಅವರ ಮಾತು ಕೇಳಿದ ಮೇಲೆ ಅರ್ಜಿಯ ಹಿಂದಿನ ವಿಷಯ ತಿಳಿಯಿತು. ಮಗ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಮನೆಯಲ್ಲಿರುವವರ ನಂಬರ್ ಕೊಡಿ ಎಂದು ಅರ್ಜಿ ಕೇಳಿದ್ದಕ್ಕೆ ಹೆಂಡತಿಯ ನಂಬರ್ ಹಾಕಿದ್ದ. ಮೊಮ್ಮಗಳಿಗೆ ಒಂಬತ್ತು ವರ್ಷ. ಅವಳಿಗೂ ತಾಯಿಯ ಹಾಗೆ ಕಿವಿ ಕೇಳದು. ಈ ವರ್ಷವೇ ಕಲಬುರಗಿಯ ವಸತಿ ಶಾಲೆಗೆ ಹಾಕಿದ್ದಾರೆ.

“ಶಹಾಬಾದದಾಗ ಬಾಡಿಗಿ ಮನ್ಯಾಗ ಇದ್ದಾಗ ದಿನಾ ಸಂಜಿಗಿ ವಿಡಿಯೋದಾಗ ಇಬ್ರೂ ಕೈ ಮಾಡಿ ಮಾತಾಡ್ತಿದ್ರು,” ಎಂದರು ಅತ್ತೆ. “ನಮ್ಮ್ ಸೊಸಿ ಸಾಲಿ ಮುಖ ನೋಡಿಲ್ಲಪಾ. ಪೋರಿ ಅಲ್ಲಿ ಕಲ್ತದ್ದು ಸಂಜಿಗಿ ಅವ್ವಗ ಕಲಸ್ತಿತ್ತು. ಹೊಸಾ ಮನಿಗಿ ಬಂದೆವು, ಅದು ಬಂದ್ ಆತು. ನಾನರ ಮಾಳಗಿ ಏರಿ ಒದರಿ ಮಾತಾಡ್ತೀನಿ. ಅಕಿ ಏನ್ ಒದರ್ತಾಳ?”

ಮಾಳಿಗೆಯ ಮೂಲೆಯಲ್ಲಿ ನಿಂತರೆ ಒಂದು ಗೆರೆ ಸಿಗ್ನಲ್ ಸಿಗುತ್ತಿತ್ತು. ದನಿಗೆ ಅಷ್ಟು ಸಾಕು, ಚಿತ್ರಕ್ಕೆ ಸಾಲದು. ಮುಖ್ಯರಸ್ತೆಯ ತನಕ ಹೋದರೂ ಚಿತ್ರ ನಿಂತು ನಿಂತು ಬರುತ್ತಿತ್ತು. ಕೈ ಅರ್ಧಕ್ಕೆ ನಿಂತರೆ ಅವರ ಮಾತೂ ಅರ್ಧಕ್ಕೆ ನಿಲ್ಲುತ್ತದೆ. ಎರಡು ತಿಂಗಳಿನಿಂದ ಆ ಹುಡುಗಿ ಫೋನಿನಲ್ಲಿ ಅವ್ವನ ಒಂದು ಪೂರ್ತಿ ಮಾತನ್ನೂ ಕಂಡಿರಲಿಲ್ಲ. ಆ ಎರಡು ತಿಂಗಳಲ್ಲಿ ನಾನು ಗುಂಡಿ ಒತ್ತಿದ ಎರಡು ಸಲವೂ ಇದ್ದವು. ಅದನ್ನು ಅತ್ತೆಗೆ ಹೇಳುವ ಧೈರ್ಯ ಬರಲಿಲ್ಲ.

ಹೊರಡುವಾಗ ಸೊಸೆ ಎದುರಿಗೆ ಬಂದು ನನ್ನ ಚೀಲ ತೋರಿಸಿ, ಮನೆ ತೋರಿಸಿ, ಹುಬ್ಬೇರಿಸಿದಳು. ಯಾವಾಗ ಎಂದು ಕೇಳುತ್ತಿದ್ದಾಳೆ ಎಂಬುದು ಅರ್ಥವಾಯಿತು. ನನಗೆ ಅವರ ಕೈಮಾತು ಬಾರದು. ತೋಚಿದ ಹಾಗೆ ಅಂಗೈಯನ್ನು ಕೆನ್ನೆಗೆ ಹಚ್ಚಿ, ಕಣ್ಣು ಮುಚ್ಚಿ ಮಲಗಿದಂತೆ ಮಾಡಿ, ಕಣ್ಣು ತೆರೆದು ಒಂದು ಬೆರಳು ಎತ್ತಿದೆ. ಒಂದು ರಾತ್ರಿ ಕಳೆದರೆ ಸಾಕು, ನಾಳೆ. ಅವಳು ನಕ್ಕು ತಲೆಯಾಡಿಸಿದಳು.

ನಮ್ಮ ಕೇಬಲ್ಲಿನ ಡಬ್ಬಿ ಮುಖ್ಯರಸ್ತೆಯ ಚಹಾದಂಗಡಿಯ ಎದುರಿನ ಕಂಬಕ್ಕಿತ್ತು. ಅಲ್ಲಿಂದ ಕೊನೆಯ ಮನೆಗೆ ಚಕ್ರದ ಅಳತೆಗೋಲು ಉರುಳಿಸಿ ನೋಡಿದೆ, ನಾನೂರ ಮೂವತ್ತು ಮೀಟರ್. ನಡುವೆ ಒಂದೂ ಕಂಬ ಇಲ್ಲ. ವಿದ್ಯುತ್ತಿನ ತಂತಿ ಗಣಿಯ ಆಚೆ ದಂಡೆಯಿಂದ ಬಂದಿತ್ತು, ಅದು ನಮಗೆ ಉಪಯೋಗವಿಲ್ಲ. ಏಳು ಕಂಬ ಬೇಕೆಂದು ನಕ್ಷೆ ಬರೆದು ಕಳಿಸಿದೆ. ನಾಳೆ ಬರುತ್ತವೆ ಎಂದು ಕಚೇರಿಯವರು ಹೇಳಿದ ಕಂಬಗಳು ಒಂಬತ್ತನೆಯ ದಿನ ಬಂದವು. ಆ ಒಂಬತ್ತು ದಿನವೂ ವಾಡಿಯಿಂದ ಬರುವಾಗ ಮುಖ್ಯರಸ್ತೆ ಬಿಟ್ಟು ಆ ಗಣಿಯ ದಾರಿಯಲ್ಲೇ ಹಾಯುತ್ತಿದ್ದೆ. ಅವಳು ಕಿಟಕಿಯ ಬಳಿಯ ಹೊಲಿಗೆ ಯಂತ್ರದಿಂದ ತಲೆಯೆತ್ತಿ ಹುಬ್ಬೇರಿಸುತ್ತಿದ್ದಳು. ನಾನು ಕೆನ್ನೆಗೆ ಅಂಗೈ ಹಚ್ಚಿ, ಒಂದು ಬೆರಳು ಎತ್ತಿ ಮುಂದೆ ಹೋಗುತ್ತಿದ್ದೆ. ಬಾಯಿಂದ ಸುಳ್ಳು ಹೇಳಿದರೆ ಗಾಳಿಗೆ ಹೋಗುತ್ತದೆ. ಕೈಯಿಂದ ಹೇಳುವಾಗ ನನ್ನ ಕೈ ನನಗೇ ಕಾಣುತ್ತಿತ್ತು.

ಕಂಬ ಇಳಿಸಿ ಮೊದಲ ತಗ್ಗು ತೋಡಲು ಹಾರೆ ಹಾಕಿದೆ. ಮೊದಲ ಮನೆಯ ಯಜಮಾನರು ಬಂದು ಹಾರೆಯ ಮುಂದೆ ನಿಂತರು. ಅರವತ್ತು ದಾಟಿದವರು, ಎಲ್ಲರೂ ಕಾಕಾ ಎನ್ನುತ್ತಾರೆ.

“ತಮ್ಮಾ, ಬಾಗಲಾ ತಗದ್ರ ಎದುರಿಗಿ ಕಂಬ ಕಾಣಬಾರ್ದು. ಮನಿ ವಾಸ್ತು ಆಗಿ ಇನ್ನಾ ತಿಂಗಳಾಗಿಲ್ಲ.”

“ಆರ್ ಫೂಟ್ ಆಚಿಗಿ ಹಾಕ್ತೀನ್ರಿ ಕಾಕಾ.”

“ಆಚಿಗಿ ಹಾಕಿದ್ರ ಅವರ ಬಾಗಲಕ್ಕ ಬಡೀತದ. ಅವ್ರು ನನ್ನ ಮ್ಯಾಲ ಬರ್ತಾರ. ಕಾಕಾ ತನ್ನ ಪೀಡಾ ನಮ್ಮ್ ಕಡಿ ದೂಡಿದಾ ಅಂತಾರ.”

ಅವರು ಕೂಗಾಡಲಿಲ್ಲ, ನನಗೆ ಚಹಾ ತರಿಸಿಕೊಟ್ಟೇ ಬೇಡವೆಂದರು. ದಾರಿಯ ಆಚೆ ಬದಿಗೆ ನೆಡೋಣವೆಂದರೂ ಅದೇ ಕಥೆ. ಸಾಲಿನುದ್ದಕ್ಕೂ ಬಾಗಿಲುಗಳು, ಎಲ್ಲಿ ನೆಟ್ಟರೂ ಯಾರದೋ ಒಬ್ಬರ ಎದುರಿಗೇ ಬರುತ್ತದೆ. ಉಳಿದದ್ದು ಮೂರು ಖಾಲಿ ಸೈಟು. ಮೂರಕ್ಕೂ ಮಾಲೀಕರು ಒಬ್ಬರೇ, ಸೇಡಂನಲ್ಲಿದ್ದರು. ಬಸ್ಸು ಹತ್ತಿ ಹೋಗಿ, ಮಧ್ಯಾಹ್ನದವರೆಗೆ ಅವರ ಅಂಗಡಿಯಲ್ಲಿ ಕಾದು ಕೇಳಿದೆ.

“ಮುಂದ ನಾ ಅಲ್ಲಿ ಮನಿ ಕಟ್ಟಿದ್ರ ಬಾಗಲ ಅಲ್ಲೇ ಬರ್ತದಲ್ಲಪಾ,” ಎಂದರು. ಇನ್ನೂ ಕಟ್ಟದ ಮನೆಯ ಇನ್ನೂ ಕೂರಿಸದ ಬಾಗಿಲಿಗೆ ನನ್ನ ಕಂಬ ಅಡ್ಡ ಬಂದಿತ್ತು. ವಾಪಸು ಬರುವ ಬಸ್ಸಿನಲ್ಲಿ ನನಗೆ ನಗುವೂ ಬಂತು, ಸಿಟ್ಟೂ ಬಂತು. ಎರಡನ್ನೂ ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ನೆಲದಲ್ಲಿ ಹೂಳುವ ಆಸೆಯೂ ಇರಲಿಲ್ಲ. ಅಲ್ಲಿ ಒಂದು ಗೇಣು ಮಣ್ಣು, ಅದರ ಕೆಳಗೆ ಪದರ ಪದರ ಕಲ್ಲು. ಅದೇ ಕಲ್ಲನ್ನು ಮಾರಿಯೇ ಆ ಊರು ಉಣ್ಣುವುದು. ಕೊಯ್ಯುವ ಯಂತ್ರ ತಂದರೆ ಮೂರು ಅಡಿ ಇಳಿಯಬಹುದು, ಒಂದು ಮನೆಗಾಗಿ ಆ ಯಂತ್ರವನ್ನು ನಮ್ಮ ಕಚೇರಿ ಕೊಡುವುದಿಲ್ಲ.

ಆ ನಡುವೆ ತಿಂಗಳ ಎರಡನೆಯ ಭಾನುವಾರ ಬಂತು. ಅದು ಶಾಲೆಯಲ್ಲಿ ಮಕ್ಕಳನ್ನು ನೋಡುವ ದಿನ. ಸೋಮವಾರ ನಾನು ಹೋದಾಗ ಸೊಸೆ ಕಿಟಕಿಯಲ್ಲಿ ಇರಲಿಲ್ಲ. ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅತ್ತೆ ಹೊಸ್ತಿಲಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದರು.

“ಪೋರಿ ಅವ್ವನ ಮುಖ ನೋಡ್ಲಿಲ್ಲಪಾ. ನಮಗ ಸಿಟ್ಟ್ ಬಂದ್ರ ಬಾಯಿ ಮುಚ್ತೀವಿ. ಅವು ಮುಖಾನೇ ತಿರುಗಿಸಿಬಿಡ್ತಾವ. ಆಮ್ಯಾಲ ಅಕಿ ಕೈ ಎಷ್ಟ್ ಮಾಡಿದ್ರೇನು? ಹೊರಡೋ ಹೊತ್ತಿಗಿ ಅರ್ಧ ತಾಸು ಜರಾ ತಿರುಗಿತು. ಊಟ ಸೈತ ಸರಿ ಮಾಡಂಗಿಲ್ಲಂತ. ದಿನಾ ಕಾಣ್ತೀನಿ ಅಂತ ಮಾತ ಕೊಟ್ಟು ಬಿಟ್ಟಿದ್ಲು ಅವ್ವ. ಸುಳ್ಳಾತಲ್ಲ.”

“ಈಗೇನ್ ಮಾಡ್ತೀರಿ ಯವ್ವಾ?”

“ಬರೋ ಐತವಾರ ಮಗನ್ನ ಕಳಸಿ ಕರ್ಕೊಂಡ್ ಬರ್ತೀವಿ. ಸಾಲಿ ಬ್ಯಾಡ ಏನ್ ಬ್ಯಾಡ. ಸೊಸಿಗಿ ಸಾಲಿ ಬಿಡಸೋದು ಬ್ಯಾಡಾಗ್ಯದ, ಆದ್ರ ಇಕಿ ಮಾತು ಯಾರ್ ಕೇಳ್ತಾರ?” ಅಷ್ಟು ಹೇಳಿ ಅವರು ಮೊರದ ಬೇಳೆಯನ್ನು ಸುಮ್ಮನೆ ಒಂದು ಸಲ ತೂರಿದರು. ತಮ್ಮ ಮೇಲೇ ಸಿಟ್ಟು ಬಂದಂತಿತ್ತು.

ಆರು ದಿನ ಉಳಿದಿತ್ತು. ಶಾಲೆ ಬಿಡಿಸಿದರೆ ಆ ಹುಡುಗಿಯ ಓದು ನಿಲ್ಲುತ್ತದೆ, ಅದರ ಜೊತೆಗೆ ಅವಳ ಅವ್ವನದೂ ನಿಲ್ಲುತ್ತದೆ. ಚಹಾದಂಗಡಿಯ ಮಾಡಿನ ಕಬ್ಬಿಣದ ಕೊಳವೆಯಿಂದ ದಾರಿಯ ನಡುವೆ ಇದ್ದ ಕಲ್ಲು ಕೊಯ್ಯುವ ಶೆಡ್ಡಿನ ತೊಲೆಗೆ, ಅಲ್ಲಿಂದ ಮನೆಯ ಮಾಳಿಗೆಗೆ ಎರಡೇ ನೆಗೆತದಲ್ಲಿ ಕೇಬಲ್ ಎಳೆಯಲು ತೀರ್ಮಾನಿಸಿದೆ. ಯಾರ ಬಾಗಿಲ ಎದುರಿಗೂ ಏನೂ ನಿಲ್ಲುವುದಿಲ್ಲ, ಎಲ್ಲವೂ ತಲೆಯ ಮೇಲೆ. ನಡುವೆ ಆಸರೆಯಿಲ್ಲದೆ ಕೇಬಲ್ಲನ್ನು ಇಷ್ಟು ಉದ್ದಕ್ಕೆ ಜೋತುಬಿಡುವುದು ತಪ್ಪೆಂದು ಗೊತ್ತಿತ್ತು. ಮಂಗಳವಾರದಿಂದ ಗುರುವಾರದವರೆಗೆ ಒಬ್ಬನೇ ಎಳೆದೆ. ಈ ತುದಿಯಲ್ಲಿ ಬಿಗಿದು, ಇಳಿದು, ಏಣಿ ಹೊತ್ತು, ಆ ತುದಿಯಲ್ಲಿ ಏರಿ ಬಿಗಿಯುವುದು. ಶುಕ್ರವಾರ ಬೆಳಿಗ್ಗೆ ತುದಿಗಳನ್ನು ಬೆಸೆಯಬೇಕೆಂದು ಬಂದರೆ ಕೇಬಲ್ ದಾರಿಯ ಮೇಲೆ ಬಿದ್ದಿತ್ತು. ಟಿಪ್ಪರ್ ಒಂದು ಕಲ್ಲಿನ ಚೂರು ಸುರಿದು, ಎತ್ತಿದ ಡಬ್ಬವನ್ನು ಇಳಿಸದೆ ಹೊರಟು, ಎಲ್ಲವನ್ನೂ ಬಾಚಿಕೊಂಡು ಹೋಗಿತ್ತು. ಎರಡು ಕಡೆ ತುಂಡಾಗಿತ್ತು. ಸೊಸೆ ಒಂದು ತುಂಡಿನ ತುದಿ ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತಿದ್ದಳು. ನನ್ನನ್ನು ಕಂಡು ಅವಳು ಹುಬ್ಬೇರಿಸಲಿಲ್ಲ. ನನಗೆ ಕೆನ್ನೆಗೆ ಅಂಗೈ ಹಚ್ಚುವ ಮುಖ ಉಳಿದಿರಲಿಲ್ಲ.

ಮನೆಯ ಹಿಂದಕ್ಕೆ ಹೋಗಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಅಳು ಬಂತು ಎಂದು ಹೇಳಲು ಈಗ ನಾಚಿಕೆಯಿಲ್ಲ. ಕಣ್ಣು ಒರೆಸಿಕೊಂಡು ನೋಡಿದರೆ ಎದುರಿಗೆ ಹೊಲದ ಬೇಲಿ. ಹೂ ಬಿಟ್ಟ ತೊಗರಿ, ಅದರ ಅಂಚಿಗೆ ಸೊಂಟದೆತ್ತರದ ಪರ್ಸಿಗಳನ್ನು ಒಂದರ ಪಕ್ಕ ಒಂದು ನೆಟ್ಟು ಮಾಡಿದ ಗೋಡೆ. ನಮ್ಮ ಕಡೆ ಎಲ್ಲ ಹೊಲಗಳಿಗೂ ಇದೇ ಬೇಲಿ, ಅದಕ್ಕೇ ಇರಬೇಕು ನಾನು ಇಪ್ಪತ್ತು ದಿನದಿಂದ ನೋಡಿಯೂ ನೋಡಿರಲಿಲ್ಲ. ಎದ್ದು ಅದರ ಗುಂಟ ನಡೆದೆ. ಎಂಟೂ ಮನೆಯ ಹಿತ್ತಲು ಹಾದು ಆ ಕಲ್ಲಿನ ಸಾಲು ನೇರವಾಗಿ ಮುಖ್ಯರಸ್ತೆಗೆ, ಚಹಾದಂಗಡಿಯ ಎದುರಿಗೆ ಹೋಗಿ ಮುಟ್ಟಿತು. ಅಳತೆಗೋಲು ಉರುಳಿಸಿದೆ. ಮೂರು ಮೀಟರ್ ಕೂಡ ಹೆಚ್ಚಾಗಲಿಲ್ಲ.

ಹೊಲ ಕಾಕಾ ಅವರದೇ. ಕೇಳಲು ಹೋಗುವಾಗ ಕಾಲು ಹಿಂಜರಿಯಿತು.

“ಹಿತ್ತಲ ಕಡಿ ಏನರ ಮಾಡ್ಕೊಳ್ಳೋ ತಮ್ಮಾ, ಬಾಗಲ ಮುಂದ ಒಂದ್ ಬ್ಯಾಡ ಅಂದೀನಿ,” ಎಂದರು. ಆಮೇಲೆ ತಾವೇ ಚಪ್ಪಲಿ ಮೆಟ್ಟಿ ನನ್ನ ಜೊತೆ ಬೇಲಿಯ ಗುಂಟ ಬಂದರು. “ಈ ಪರ್ಸಿ ಸಡಲ್ಯದ, ಇದಕ್ಕ ಬಿಗೀಬ್ಯಾಡ. ಇಲ್ಲಿ ಎತ್ತು ಮೈ ತಿಕ್ಕತಾವ, ಜರಾ ಕೆಳಗ ಹಾಕು. ಮೊದಲೇ ಕೇಳಿದ್ರ ಮೊದಲೇ ಕೊಡ್ತಿದ್ದೆ.”

ಮೇಲ್ವಿಚಾರಕರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ನಮ್ಮಲ್ಲಿ ಕೇಬಲ್ ಹದಿನೆಂಟು ಅಡಿ ಮೇಲಿರಬೇಕು, ಇಲ್ಲವೇ ಮೂರು ಅಡಿ ಕೆಳಗಿರಬೇಕು. ಮೊಳಕಾಲಿನ ಎತ್ತರದಲ್ಲಿ, ಬೇಲಿಯ ಕಲ್ಲಿಗೆ ಕಟ್ಟಿದ ಕೇಬಲ್ಲಿಗೆ ಯಾವ ನಕ್ಷೆಯಲ್ಲೂ ಗುರುತಿಲ್ಲ.

“ನಾಳಿ ಕಟ್ ಆತಂದ್ರ ಯಾರ್ ಹೊಣೆ?”

“ನಾನೇ ರೀ ಸರ್. ನನ್ನ ಹೆಸರು ಬರೀರಿ. ವಾಡಿ ಗೋದಾಮಿನ್ಯಾಗ ಉಕ್ಕಿನ ಕವಚದ ಕೇಬಲ್ ಒಂದ್ ಡ್ರಮ್ ಉಳದಾದ, ಅದನ್ನ ಕೊಡಸ್ರಿ.”

“ಒಂದ್ ಮನಿ ಸಲುವಾಗಿ ಇಷ್ಟ್ಯಾಕ ಒದ್ದಾಡ್ತೀ?”

ಎರಡು ಸಲ ಗುಂಡಿ ಒತ್ತಿದವನು ನಾನು ಎಂದು ಹೇಳಿದೆ. ಅವರು ಗೋದಾಮಿನವನಿಗೆ ಹೇಳುತ್ತೇನೆ ಎಂದು ಫೋನ್ ಇಟ್ಟರು.

ಶನಿವಾರ ಬೆಳಿಗ್ಗೆ ಡ್ರಮ್ ತಂದು ಚಹಾದಂಗಡಿಯ ಹತ್ತಿರ ಇಳಿಸಿದೆ. ಈ ಕೇಬಲ್ ಭಾರ, ಬಿಗಿ. ಡ್ರಮ್ಮನ್ನು ಒಬ್ಬರು ತಿರುಗಿಸಿ ಬಿಡಬೇಕು, ಇನ್ನೊಬ್ಬರು ಎಳೆಯಬೇಕು. ಒಬ್ಬನೇ ಮಾಡಿದರೆ ಎಲ್ಲೋ ಒಂದು ಕಡೆ ಮುರುಟಿಕೊಳ್ಳುತ್ತದೆ, ಒಳಗಿನ ಗಾಜಿನ ಎಳೆಗೆ ಮುರುಟುವುದು ಆಗದು. ಹತ್ತು ಮೀಟರ್ ಎಳೆಯುವುದು, ಓಡಿಬಂದು ತಿರುಗಿಸುವುದು, ಮತ್ತೆ ಓಡುವುದು ಹೀಗೆ ಒಂದು ತಾಸು ಕಳೆದೆ. ತಲೆಯೆತ್ತಿ ನೋಡಿದರೆ ಡ್ರಮ್ಮಿನ ಪಕ್ಕ ಸೊಸೆ ನಿಂತಿದ್ದಳು. ಸೀರೆಯ ಸೆರಗು ಸಿಕ್ಕಿಸಿ, ಹಾರೆಯ ಮೇಲೆ ಕೂರಿಸಿದ ಡ್ರಮ್ಮನ್ನು ಎರಡು ಕೈಯಿಂದ ತಿರುಗಿಸಿ ನೋಡಿ, ಹೋಗು ಎಂದು ನನಗೆ ಕೈ ಬೀಸಿದಳು.

ಹಳೆಯ ಜೊತೆಗಾರನಿದ್ದಾಗ ‘ಬಿಡೋ’, ‘ಹಿಡಿಯೋ’ ಎಂದು ಕೂಗುತ್ತಿದ್ದೆ. ಇಲ್ಲಿ ಕೂಗಿ ಉಪಯೋಗವಿಲ್ಲ, ಇನ್ನೂರು ಮೀಟರಿನಾಚೆ ಕೈಸನ್ನೆಯೂ ತೊಗರಿಯ ಮರೆಯಲ್ಲಿ ಕಾಣದು. ಹಿಂದಿರುಗಿ ಬಂದು ಕೇಬಲ್ಲನ್ನು ಅವಳ ಕೈಯಲ್ಲಿಟ್ಟು ತೋರಿಸಿದೆ. ಒಂದು ಜಗ್ಗಿದರೆ ನಿಲ್ಲಿಸು, ಎರಡು ಜಗ್ಗಿದರೆ ಬಿಡು. ಅವಳಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಬೇಲಿಯ ಗುಂಟ ಎಳೆಯುತ್ತ ಹೋದೆ. ಕಲ್ಲಿನ ಸಂದಿನಲ್ಲಿ ಸಿಕ್ಕಿದರೆ ಒಂದು ಜಗ್ಗುತ್ತಿದ್ದೆ, ಕೇಬಲ್ ತಟ್ಟನೆ ನಿಲ್ಲುತ್ತಿತ್ತು. ಎರಡು ಜಗ್ಗಿದರೆ ಮೆಲ್ಲಗೆ ಸಡಿಲಾಗಿ ಬರುತ್ತಿತ್ತು. ಈ ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಲ್ಲಿ ನನ್ನ ಕೂಗನ್ನೂ ಯಾರೂ ಇಷ್ಟು ಚೆನ್ನಾಗಿ ಕೇಳಿರಲಿಲ್ಲ.

ಐದನೆಯ ಮನೆಯ ಹಿಂದೆ ಇದ್ದಾಗ ಆ ಕಡೆಯಿಂದ ಮೂರು ಜಗ್ಗು ಬಂತು. ಮೂರಕ್ಕೆ ನಾವು ಅರ್ಥ ಇಟ್ಟಿರಲಿಲ್ಲ. ಕೈಯೋ ಬೆರಳೋ ಸಿಕ್ಕಿಕೊಂಡಿತೆಂದು ಓಡಿದೆ. ಅವಳು ಚಹಾದ ಲೋಟ ಹಿಡಿದು ನಿಂತಿದ್ದಳು. ನನ್ನ ಏದುಸಿರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ನಗುವಿಗೆ ದನಿ ಇತ್ತು. ಅದನ್ನು ನಾನು ಆವತ್ತೇ ಮೊದಲು ಕೇಳಿದ್ದು.

ಮೂರು ಗಂಟೆಗೆ ಕೇಬಲ್ ಹಿತ್ತಲು ಮುಟ್ಟಿತು. ಎಲ್ಲಿ ತೂತು ಕೊರೆಯಬೇಕೆಂದು ಅವಳೇ ಹೊಲಿಗೆಯ ಸೀಮೆಸುಣ್ಣದಿಂದ ಅಡುಗೆಮನೆಯ ಗೋಡೆಗೆ ಗುರುತು ಹಾಕಿದಳು. ರಸ್ತೆಯ ಡಬ್ಬಿಯಲ್ಲಿ ಒಂದು ಬೆಸುಗೆ, ಮನೆಯಲ್ಲಿ ಒಂದು. ಸಿಪ್ಪೆ ಸುಲಿದು, ಕೂದಲಿನಂಥ ಎಳೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ತುದಿ ಕತ್ತರಿಸಿ, ಯಂತ್ರದಲ್ಲಿಟ್ಟು ಮುಚ್ಚಿದರೆ ಒಂದು ಕ್ಷಣದ ಕಿಡಿಯಲ್ಲಿ ಎರಡೂ ತುದಿ ಕೂಡುತ್ತವೆ. ಬೆಳಕಿನ ಅಳತೆ ತೋರಿಸುವ ಮೀಟರ್ ಹಚ್ಚಿದೆ. ಮೈನಸ್ ಇಪ್ಪತ್ತೈದರ ಒಳಗಿದ್ದರೆ ಒಳ್ಳೆಯದು, ಇಪ್ಪತ್ತೇಳು ದಾಟಿದರೆ ಮನೆಯೊಳಗಿನ ವೈಫೈ ಡಬ್ಬ ಬದುಕುವುದಿಲ್ಲ. ನನ್ನ ಮೀಟರ್ ಮೈನಸ್ ಮೂವತ್ತು ತೋರಿಸಿತು.

ಐದೂವರೆ ಆಗಿತ್ತು. ಹಾಸ್ಟೆಲಿನಲ್ಲಿ ಮಕ್ಕಳಿಗೆ ಫೋನ್ ಕೊಡುವುದು ಆರೂವರೆಯಿಂದ ಏಳರವರೆಗೆ. ಬೆಸುಗೆಗಳೆರಡನ್ನೂ ಬಿಚ್ಚಿ ಮತ್ತೆ ಹಾಕಿದೆ. ಮತ್ತೆ ಮೂವತ್ತು. ಹಾಗಾದರೆ ತಪ್ಪು ನಡುವೆ ಎಲ್ಲೋ ಇದೆ. ಎಳೆಗೆ ಪೆಟ್ಟಾದ ಕಡೆ ಹೊಳೆದು ತೋರಿಸುವ ಕೆಂಪು ಬೆಳಕಿನ ಪೆನ್ನನ್ನು ಮನೆಯ ತುದಿಗೆ ಸಿಕ್ಕಿಸಿದೆ. ಆದರೆ ಉಕ್ಕಿನ ಕವಚದ ಹೊರಗೆ ಆ ಬೆಳಕು ಕಾಣುವುದಿಲ್ಲ. ಬೇಲಿಯ ಗುಂಟ ಬಗ್ಗಿ, ಕೇಬಲ್ಲಿನ ಮೇಲೆ ಬೆರಳು ಆಡಿಸುತ್ತ ಬಂದೆ. ಆ ಕಡೆಯಿಂದ ಸೊಸೆಯೂ ಹಾಗೇ ಬರುತ್ತಿದ್ದಳು. ಮೂರನೆಯ ಮನೆಯ ಹಿಂದೆ ಅವಳು ನಿಂತಳು. ಅಲ್ಲಿಂದ ಕೇಬಲ್ಲನ್ನು ಮೂರು ಸಲ ಜಗ್ಗಿದಳು.

ಈ ಸಲ ಚಹಾ ಅಲ್ಲ. ಕಾಕಾ ಹೇಳಿದ್ದ ಸಡಿಲ ಪರ್ಸಿ ಓರೆಯಾಗಿ ಕುಸಿದು, ಕೇಬಲ್ಲನ್ನು ಪಕ್ಕದ ಕಲ್ಲಿಗೆ ಒತ್ತಿ ಹಿಡಿದಿತ್ತು. ಹೇಳಿದ್ದರೂ ಮರೆತು ಅದಕ್ಕೇ ಬಿಗಿದಿದ್ದೆ. ಇಬ್ಬರೂ ಸೇರಿ ಕಲ್ಲನ್ನು ಎತ್ತಿ ಹಿಂದಕ್ಕೆ ಒರಗಿಸಿ ಕೇಬಲ್ ಬಿಡಿಸಿದೆವು. ಓಡಿಹೋಗಿ ಮೀಟರ್ ನೋಡಿದೆ. ಮೈನಸ್ ಇಪ್ಪತ್ತೆರಡು. ಡಬ್ಬ ಹಚ್ಚಿದೆ. ಕೆಂಪು ದೀಪ ಮಿನುಗಿ ಮಿನುಗಿ ಹಸಿರಾಗುವಾಗ ಆರೂ ನಲವತ್ತು.

ಸೊಸೆ ಮುಖ ತೊಳೆದು, ದೀಪದ ಕೆಳಗೆ ಕುಳಿತು ಫೋನ್ ಎದುರಿಗಿಟ್ಟುಕೊಂಡಳು. ಮೊದಲು ವಾರ್ಡನ್ ಕಂಡರು, ಆಮೇಲೆ ಯಾವುದೋ ಛಾವಣಿ, ಆಮೇಲೆ ಎರಡು ಜಡೆ. ಹುಡುಗಿ ಕುಳಿತಿದ್ದಳು, ಮುಖ ಗೋಡೆಯ ಕಡೆ. ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ಜಡೆಯ ರಿಬ್ಬನ್ನಿನ ಎಳೆ ಕಾಣುತ್ತಿತ್ತು. ತಾಯಿ ಕೈ ಆಡಿಸಿದಳು, ಫೋನಿನ ಹತ್ತಿರ ಬಂದಳು, ದೂರ ಹೋದಳು. ನೋಡದವಳಿಗೆ ಏನು ಹೇಳಿದರೂ ಅಷ್ಟೇ. ನಾನೂರ ಮೂವತ್ತು ಮೀಟರ್ ಎಳೆದು ತಂದದ್ದು ಒಂದು ಹೆಗಲಿನ ಎದುರಿಗೆ ನಿಂತಿತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ವಾರ್ಡನ್ನಿನ ಕೈ ಬಂದು ಹುಡುಗಿಯ ಗಲ್ಲ ಹಿಡಿದು ಒಂದು ಕ್ಷಣ ಈ ಕಡೆ ತಿರುಗಿಸಿತು.

ಅಷ್ಟರಲ್ಲಿ ತಾಯಿ ಅಂಗೈಯನ್ನು ಕೆನ್ನೆಗೆ ಹಚ್ಚಿ ಕಣ್ಣು ಮುಚ್ಚಿದಳು. ಕಣ್ಣು ತೆರೆದು ಒಂದು ಬೆರಳು ಎತ್ತಿ, ಫೋನನ್ನು ತಿರುಗಿಸಿ ಬಾಗಿಲಲ್ಲಿದ್ದ ನನ್ನನ್ನು ತೋರಿಸಿದಳು.

ಹುಡುಗಿಯ ತುಟಿ ಮೊದಲು ಬಿಗಿಯಿತು, ಆಮೇಲೆ ತಡೆಯಲಾರದೆ ನಗು ಬಂತು. ಪೂರ್ತಿ ತಿರುಗಿ ಕುಳಿತಳು. ನನ್ನ ಕಡೆ ನೋಡಿ ಅದೇ ಸನ್ನೆ ಮಾಡಿದಳು, ಕೆನ್ನೆ, ಬೆರಳು. ಮತ್ತೆ ಮತ್ತೆ ಮಾಡಿದಳು.

“ನಾಳಿ ಅಂತ ಯಾಕ ಹೇಳ್ಲಿಕತ್ತಾಳ್ರಿ?” ಎಂದು ಅತ್ತೆಯನ್ನು ಕೇಳಿದೆ.

“ನಾಳಿ ಅಲ್ಲೋ ಹುಚ್ಚಪ್ಪಾ. ಅವರ ಮಂದ್ಯಾಗ ನಾಳಿಗಿ ಬ್ಯಾರೇನೇ ಅದ. ಅದು ನಿನ್ನ ಹೆಸರು. ಎಲ್ಲಾರಿಗೂ ಒಂದೊಂದ್ ಹೆಸರು ಇಡ್ತಾವ ಅವು, ಕೈಯಾಗ. ಹೋದ ಐತವಾರ ಅವ್ವ ಪೋರಿಗಿ ನಿನ್ನ ಸುದ್ದಿ ಹೇಳಿದ್ಲು. ಅರ್ಧ ತಾಸು ತಿರುಗಿದ್ದೂ ಅದಕ್ಕೇ.”

ಆಮೇಲೆ ಅವರಿಬ್ಬರ ಕೈಗಳು ಮಾತಾಡಲು ಹತ್ತಿದವು. ನನಗೆ ಒಂದೂ ತಿಳಿಯಲಿಲ್ಲ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, “ಐತವಾರ ಮಗನ್ನ ಕಳಸೋದು ಬ್ಯಾಡ ಬಿಡು,” ಎಂದು ಯಾರಿಗೋ ಎಂಬಂತೆ ಹೇಳಿದರು.

ನನ್ನ ಕೆಲಸ ಇನ್ನೂ ಮುಗಿದಿರಲಿಲ್ಲ. ಅರ್ಜಿಯಲ್ಲಿ ಫೋನೂ ಇತ್ತು. ಹಜಾರದ ಗೂಡಿನಲ್ಲಿ ಉಪಕರಣ ಇಟ್ಟು ತಂತಿ ಸಿಕ್ಕಿಸಿದೆ. ಪರೀಕ್ಷೆಗೆ ಹೊಸ ಫೋನಿನಿಂದ ಒಂದು ಕರೆ ಮಾಡಿ ತೋರಿಸಬೇಕು. ಮೊದಲೆಲ್ಲ ಚಂದ್ರಂಪಳ್ಳಿ ಹತ್ತಿರದ ನಮ್ಮೂರಿಗೆ, ಅವ್ವನಿಗೆ ಮಾಡುತ್ತಿದ್ದೆ. ಗೊತ್ತಿಲ್ಲದ ನಂಬರ್ ಬಂದರೆ ನಾನೇ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಎತ್ತಿದ ಕೂಡಲೇ ನನ್ನ ಹೆಸರು ಹಿಡಿದು, “ಇವತ್ತ್ ಯಾರ ಮನ್ಯಾಗ ಅದೀಪಾ?” ಎನ್ನುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು. ಈಗ ನನ್ನ ಜೇಬಿನ ಮೊಬೈಲಿಗೇ ಮಾಡುತ್ತೇನೆ. ಹೊಸ ವೈಫೈಗೆ ಜೋಡಿಸಿಕೊಂಡಿದ್ದರಿಂದ ಆ ತಗ್ಗಿನಲ್ಲೂ ಅದು ಹೊಡೆದುಕೊಂಡಿತು.

“ಯಾರಿಗಿ ಹಚ್ಚಿದಿ?” ಎಂದರು ಅತ್ತೆ.

“ನನಗೇ ರೀ.”

“ನಿನಗ್ಯಾಕ? ಮನಿಗಿ ಹಚ್ಚು.”

“ಮನ್ಯಾಗ ಯಾರೂ ಇಲ್ರಿ ಯವ್ವಾ.”

ಅವರು ಎದ್ದು ಒಳಗೆ ಹೋದರು. ಎರಡು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟರು. ಹೊರಡುವಾಗ ಸೊಸೆ ಇನ್ನೂ ಫೋನಿನ ಮುಂದೆಯೇ ಇದ್ದಳು, ಏಳು ದಾಟಿದರೂ ವಾರ್ಡನ್ ಕಟ್ ಮಾಡಿರಲಿಲ್ಲ. ಅಂಗಳದಲ್ಲಿ ನಿಂತು ಅರ್ಜಿ ತೆರೆದು, ಕೆಳಗಿನ ತನಕ ಓದಿ, ‘ಪೂರ್ಣಗೊಂಡಿದೆ’ ಒತ್ತಿದೆ.

ವಾಡಿಯ ಕೋಣೆಯ ಬೀಗ ತೆಗೆದು ದೀಪ ಹಾಕಿದೆ. ಚೀಲ ಇಳಿಸಿ, ಕೈಕಾಲು ತೊಳೆದು ಬಂದೆ. ಮೇಲ್ವಿಚಾರಕರಿಗೆ ನಾನು ‘ಏ’, ಗ್ರಾಹಕರಿಗೆ ‘ಕನೆಕ್ಷನ್ ಅಂವಾ’. ಅವ್ವ ಹೋದ ಮೇಲೆ ನನ್ನನ್ನು ಹೆಸರು ಹಿಡಿದು ಕರೆದವರಿರಲಿಲ್ಲ. ಕಿಟಕಿಯ ಸರಳಿಗೆ ಸಿಕ್ಕಿಸಿದ, ಗಡ್ಡ ಕೆರೆದುಕೊಳ್ಳುವ ಕನ್ನಡಿಯ ಮುಂದೆ ನಿಂತೆ. ಅಂಗೈಯನ್ನು ಕೆನ್ನೆಗೆ ಹಚ್ಚಿ ಕಣ್ಣು ಮುಚ್ಚಿದೆ. ಕಣ್ಣು ತೆರೆದು ಒಂದು ಬೆರಳು ಎತ್ತಿದೆ.